ಪ್ರೆಸ್‌ಬುರ್ಗ್ ಎನ್ನುವವರೆಗೆ ಏಳಬೇಡ

ಪ್ರೆಸ್‌ಬುರ್ಗ್, 1919 ಜನವರಿ 5

ಯುದ್ಧ ಮುಗಿದ ಮೇಲೆ ಪ್ರೇಗಿನಲ್ಲಿ ಹುಟ್ಟಿಕೊಂಡ ಹೊಸ ಸರ್ಕಾರದ ಸಿಪಾಯಿಗಳು ಊರೊಳಗೆ ಬಂದು ಇವತ್ತಿಗೆ ಐದು ದಿನ. ಅಂಚೆ ಕಚೇರಿಯ ಬಾಗಿಲಲ್ಲಿ ಇಬ್ಬರು ಬಂದೂಕು ಹಿಡಿದು ನಿಂತಿದ್ದಾರೆ. ಒಬ್ಬ ನನ್ನ ಚೀಲ ಬಿಚ್ಚಿ ನೋಡಿದ. ಒಳಗೇನಿತ್ತು? ಎರಡು ತುಂಡು ಬ್ರೆಡ್ಡು, ಮೇಲೆ ಸವರಿದ ಹೆಬ್ಬಾತಿನ ಕೊಬ್ಬು. ಮೂವತ್ತೊಂದು ವರ್ಷ ಈ ಬಾಗಿಲಲ್ಲಿ ಓಡಾಡಿದವನು ನಾನು, ಔಗುಸ್ಟೀನ್ ಲೈಟ್ನರ್. ಮೊನ್ನೆ ಮೊನ್ನೆ ಪ್ರೇಗಿನಿಂದ ಬಂದವನೊಬ್ಬ ನನ್ನ ಬುತ್ತಿ ಮೂಸಿ ನೋಡುತ್ತಾನೆ! ಮೈಯೆಲ್ಲ ಉರಿದುಹೋಯಿತು.

ನನ್ನದು ಕುರುಡು ಕಾಗದಗಳ ಮೇಜು. ವಿಳಾಸ ಕೆಟ್ಟ, ಯಾರಿಂದಲೂ ಓದಲಾಗದ ಕಾಗದಗಳು ಕೊನೆಗೆ ಬಂದು ಬೀಳುವುದು ನನ್ನ ಮುಂದೆ. ನಮ್ಮ ಊರನ್ನು ಯುರೋಪಿನ ಒಂದೊಂದು ಜನ ಒಂದೊಂದು ಥರ ಬರೆಯುತ್ತಾರೆ. ನಾವು ಜರ್ಮನ್ ಮಾತಿನವರು ಪ್ರೆಸ್‌ಬುರ್ಗ್ ಎಂದರೆ ಹಂಗೇರಿಯವರಿಗೆ ಅದು ಪೊಜೋನ್, ಸುತ್ತಲ ಹಳ್ಳಿಯ ಸ್ಲೋವಾಕರಿಗೆ ಪ್ರೆಶ್ಪೊರೋಕ್. ಕ್ರೊಯೇಷಿಯಾದವರು ಪೊಜುನ್ ಎನ್ನುತ್ತಾರೆ, ಫ್ರೆಂಚರು ಪ್ರೆಸ್‌ಬೂರ್, ಇಟಲಿಯವರು ಪ್ರೆಸ್‌ಬುರ್ಗೊ. ಪಾದ್ರಿಗಳ ಲ್ಯಾಟಿನ್ನಿನಲ್ಲಿ ಪೊಸೋನಿಯುಮ್. ಪಾಂಡಿತ್ಯ ತೋರಿಸಬೇಕೆಂದವರು ಗ್ರೀಕಿನಲ್ಲಿ ಇಸ್ತ್ರೋಪೊಲಿಸ್, ಅಂದರೆ ಡ್ಯಾನ್ಯೂಬ್ ಹೊಳೆಯ ಪಟ್ಟಣ, ಎಂದು ಬರೆದದ್ದೂ ಉಂಟು. ಯಾವ ಹೆಸರು ಹೊತ್ತು ಬಂದರೂ ಕಾಗದ ನನ್ನ ಕೈ ದಾಟಿದರೆ ಮನೆ ಸೇರಿದಂತೆಯೇ. ಆದರೆ ಊರಿನ ನಿಜವಾದ ಹೆಸರು ಯಾವುದು ಎಂದು ಕೇಳಿದರೆ ಉತ್ತರ ಒಂದೇ. ನನ್ನಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಪ್ರೆಸ್‌ಬುರ್ಗಿನವರಾಗಿಯೇ ಸತ್ತರು.

ಎಗೋನನ ಕಾರ್ಡು ಇವತ್ತೂ ಇಲ್ಲ. ನನ್ನ ಒಬ್ಬನೇ ಮಗ ರಷ್ಯನ್ನರ ಕೈಗೆ ಸೆರೆಸಿಕ್ಕಿ ಬರುವ ಮಾರ್ಚಿಗೆ ನಾಲ್ಕು ವರ್ಷ. ಯುದ್ಧ ಮುಗಿದರೂ ಸೈಬೀರಿಯಾದ ಶಿಬಿರದಲ್ಲೇ ಕೊಳೆಯುತ್ತಿದ್ದಾನೆ.

ಪ್ರೆಸ್‌ಬುರ್ಗ್, ಜನವರಿ 19

ರೈಲ್ವೆಯವರು ತಂದ ಸುದ್ದಿ: ಹೊಸ ರಾಜ್ಯದ ಅಧಿಕಾರಿಗಳು ಸೈಬೀರಿಯಾದ ಶಿಬಿರಗಳಿಗೆ ಹೋಗಿ ಊರೂರಿನ ಹೆಸರು ಕೂಗುತ್ತಾರಂತೆ. ಎದ್ದುನಿಂತವರ ಕೈಗೆ ಬಂದೂಕು ಕೊಟ್ಟು ಇನ್ನೊಂದು ಯುದ್ಧಕ್ಕೆ ಅಟ್ಟುತ್ತಾರಂತೆ. ನಮ್ಮ ಊರಿಗೂ ಹೊಸ ಹೆಸರು ಹುಡುಕುತ್ತಿದ್ದಾರೆ. ಅಮೆರಿಕದ ಅಧ್ಯಕ್ಷರ ಹೆಸರಿಡುತ್ತಾರೆ ಎಂದು ಒಬ್ಬ, ಇಲ್ಲ ಇನ್ನೇನೋ ಎಂದು ಇನ್ನೊಬ್ಬ.

ರೆಡ್ ಕ್ರಾಸ್ ಕಾರ್ಡಿನಲ್ಲಿ ಎಗೋನನಿಗೆ ಬರೆದೆ. "ಯಾರು ಯಾವ ಹೊಸ ಹೆಸರು ಕೂಗಿದರೂ ಅದು ನಿನ್ನ ಊರಲ್ಲ. ಪ್ರೆಸ್‌ಬುರ್ಗ್ ಎನ್ನುವವರೆಗೆ ಏಳಬೇಡ. ಇದು ಅಪ್ಪನ ಮಾತು."

ಪೌಲಿನಾ ಹೆಗಲ ಮೇಲಿಂದ ಓದಿದಳು. "ಏನ್ರೀ ಇದು? ಯಾರು ಕರೆದ್ರೂ ಎದ್ದು ಮನೆಗೆ ಬಾ ಅಂತ ಬರೀಬಾರ್ದಾ?"

"ಯಾರೋ ಕರೆದ್ರೆ ಬಾಲ ಅಲ್ಲಾಡಿಸ್ಕೊಂಡು ಹೋಗೋಕೆ ಅವನೇನು ಬೀದಿನಾಯಿನಾ?"

"ನಿಮ್ಮ ಹಟಕ್ಕೆ ನನ್ನ ಮಗನ್ನ ಎಳೀಬೇಡಿ" ಎಂದು ಒಳಗೆ ಹೋದಳು. ಹೆಂಗಸರಿಗೆ ಮಗ ಮನೆಗೆ ಬಂದರೆ ಸಾಕು, ಯಾವ ಮುಖ ಹೊತ್ತು ಬಂದ ಎನ್ನುವುದು ಬೇಡ. ಕಾರ್ಡನ್ನು ನಾನೇ ಚೀಲಕ್ಕೆ ಹಾಕಿದೆ.

ಪ್ರೆಸ್‌ಬುರ್ಗ್, ಮಾರ್ಚ್ 28

ಆಯಿತು, ನಾಮಕರಣ ಮುಗಿಯಿತು. ಬ್ರಾತಿಸ್ಲಾವಾ ಅಂತೆ. ಐವತ್ತೆಂಟು ವರ್ಷದಲ್ಲಿ ಈ ಊರಿನ ಸಂತೆಯಲ್ಲಾಗಲಿ ಇಗರ್ಜಿಯಲ್ಲಾಗಲಿ ಒಂದು ಹುಳುವೂ ಆಡಿದ್ದನ್ನು ಕೇಳದ ಹೆಸರು! ಇಲ್ಲಿ ಒಂದು ಸಲ ಬರೆದಿದ್ದೇನೆ, ಇದೇ ಕೊನೆ. ನನ್ನ ನಾಲಿಗೆಯ ಮೇಲೆ ಅದು ಬರುವುದಿಲ್ಲ.

ಕಚೇರಿಯಲ್ಲಿ ಇವತ್ತು ಕೆಲಸಕ್ಕಿಂತ ಜಗಳವೇ ಹೆಚ್ಚು. ಪಕ್ಕದ ಮೇಜಿನ ಗೇಜಾ ಹಂಗೇರಿಯವನು, ಇಪ್ಪತ್ತು ವರ್ಷದ ಗೆಳೆಯ. ಟೇಬಲ್ ಗುದ್ದಿ ಹೇಳಿದ, "ಪ್ರೆಸ್‌ಬುರ್ಗೂ ಅಲ್ಲ, ಇನ್ನೊಂದೂ ಅಲ್ಲ. ದೊರೆಗಳಿಗೆ ಪಟ್ಟ ಕಟ್ಟಿದ ಊರು ಪೊಜೋನ್!"

ಅದೇ ಹೊತ್ತಿಗೆ ಪಾದ್ರಿ ಕಜೆತಾನ್ ತಮ್ಮ ಟಪಾಲಿಗೆ ಬಂದಿದ್ದರು. ಇತಿಹಾಸ ಕಲಿಸಿ ನಿವೃತ್ತರಾದವರು, ಸುಮ್ಮನಿರುವ ಜಾತಿಯಲ್ಲ. "ಹೊಡೆದಾಡೋ ಮೊದಲು ಒಂದು ಮಾತು ಕೇಳ್ರಪ್ಪಾ. ಸಾವಿರ ವರ್ಷದ ಹಿಂದಿನ ಬರಹದಲ್ಲಿ ನಮ್ಮೂರು ಬ್ರೆಝಲೌಸ್‌ಪುರ್ಕ್. ಬ್ರಸ್ಲಾವನೋ ಪ್ರೆದ್ಸ್ಲಾವನೋ, ಅಂಥ ಯಾವನೋ ಒಬ್ಬ ಸ್ಲಾವನ ಕೋಟೆ. ಅದೇ ನಮ್ಮ ಜರ್ಮನ್ ಬಾಯಲ್ಲಿ ಸವೆದೂ ಸವೆದೂ ಪ್ರೆಸ್‌ಬುರ್ಗ್ ಆಯ್ತು ಲೈಟ್ನರ್."

ಗೇಜಾ ಹೊಟ್ಟೆ ಹಿಡಿದು ನಕ್ಕ.

"ನೀನು ನಗಬೇಡ. ನಿಮ್ಮ ಪೊಜೋನೂ ಕೋಟೆ ನೋಡಿಕೊಳ್ತಿದ್ದ ಯಾವನೋ ಒಬ್ಬನ ಹೆಸರು ಅಂತಾರೆ. ಅವನು ಯಾವ ಕುಲದವನೋ ದೇವರೇ ಬಲ್ಲ. ಇನ್ನು ಈ ಹೊಸದು, ಅದೂ ಹೋದ ಶತಮಾನದಲ್ಲಿ ಒಬ್ಬ ಪಂಡಿತ ಹಳೇ ಹೆಸರನ್ನ ತಪ್ಪಾಗಿ ಬಿಡಿಸಿ, ಬೇರೆ ಯಾವನೋ ದೊರೆಗೆ ಗಂಟುಹಾಕಿ ಕಟ್ಟಿದ್ದು. ಎಲ್ಲಾ ಸತ್ತ ಗಂಡಸರ ಹೆಸರುಗಳೇ. ನಿಮ್ಮ ಜಗಳ ಕೇಳೋಕೆ ಅವರಲ್ಲಿ ಒಬ್ಬನೂ ಉಳಿದಿಲ್ಲ."

ಮುದುಕರು ತಮ್ಮ ಕಾಗದ ಎತ್ತಿಕೊಂಡು ಹೋದರು. ಅವರ ಮಾತು ನಿಜವೇ ಇರಬಹುದು, ನನಗೆ ಬೇಡ. ಅಜ್ಜನ ಹೆಸರನ್ನು ಯಾವಾಗಲೋ ಯಾರೋ ಬೇರೆಯವರಿಗೂ ಇಟ್ಟಿದ್ದರು ಎಂದು ಅಜ್ಜ ಬೇರೆಯವನಾಗುತ್ತಾನೆಯೆ?

ಮೇ 11

ಗೇಜಾ ಹೊಸ ರಾಜ್ಯಕ್ಕೆ ನಿಷ್ಠೆಯ ಪ್ರಮಾಣ ಮಾಡಲಿಲ್ಲ. ಕೆಲಸ ಹೋಯಿತು. ಹೆಂಡತಿ ಮಕ್ಕಳು, ಮಂಚ, ಹೊಲಿಗೆ ಯಂತ್ರ ಎಲ್ಲ ಒಂದು ಸಾಮಾನು ಗಾಡಿಗೆ ತುಂಬಿಕೊಂಡು ಹಂಗೇರಿಗೆ ಹೊರಟ. "ನೀನೂ ಬಾರೋ" ಎಂದ. ಹೊರಡುವವನೇ ಇದ್ದೆ.

"ಹೋಗೋಣ" ಎಂದಳು ಪೌಲಿನಾ. "ಎಗೋನ್ ಬಂದು ಈ ಬಾಗಿಲು ತಟ್ಟಿದಾಗ ಯಾರು ತೆಗೀತಾರೆ? ಅದೊಂದು ಹೇಳಿ, ಈಗಲೇ ಗಂಟು ಕಟ್ತೀನಿ."

ಮೇ 14

ಪ್ರಮಾಣ ಮಾಡಿದೆ. ಅದರ ಬಗ್ಗೆ ಬರೆಯುವಂಥದ್ದೇನೂ ಇಲ್ಲ.

ಸೆಪ್ಟೆಂಬರ್ 22

ಎಗೋನನ ಕಾರ್ಡು ಬಂತು. ಜೂನಿನಲ್ಲಿ ಬರೆದದ್ದು. ಹಾಗೆಯೇ ಇಳಿಸುತ್ತೇನೆ.

"ಅಪ್ಪಾ, ಹೊಸ ರಾಜ್ಯದ ಅಧಿಕಾರಿಗಳು ಬಂದಿದ್ದರು. ಬ್ರಾತಿಸ್ಲಾವಾದವರು ಏಳಿ ಎಂದು ಕೂಗಿದರು. ಹದಿನಾಲ್ಕು ಜನ ಎದ್ದರು, ನಮ್ಮ ಬೀದಿಯವರೂ ಇಬ್ಬರು. ಅವರನ್ನು ಹಡಗು ಹತ್ತಿಸಿ ಊರಿಗೆ ಕಳಿಸುತ್ತಾರಂತೆ. ನಾನು ಏಳಲಿಲ್ಲ. ಪ್ರೆಸ್‌ಬುರ್ಗ್ ಎಂದು ಯಾರಾದರೂ ಕೂಗುವವರೆಗೆ ಕಾಯುತ್ತೇನೆ. ನಿಮ್ಮ ಮಾತು ಮೀರಿಲ್ಲ. ಇಲ್ಲಿ ಜ್ವರ ಹೆಚ್ಚಿದೆ. ಅಮ್ಮನಿಗೆ ಹೇಳಬೇಡಿ."

ಬಂದೂಕು ಕೊಟ್ಟು ಯುದ್ಧಕ್ಕಲ್ಲ, ಮನೆಗೆ. ಮನೆಗೆ ಕಳಿಸುತ್ತಿದ್ದರು.

ಸೆಪ್ಟೆಂಬರ್ 24

ಮೊನ್ನೆಯೇ ಪೌಲಿನಾಳಿಗೆ ಕಾರ್ಡು ಓದಿಸಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿಲ್ಲ. ಎರಡು ದಿನದಿಂದ ನನ್ನ ಜೊತೆ ಮಾತಿಲ್ಲ. ಇವತ್ತು ಬೆಳಿಗ್ಗೆ ಕಾಫಿ ಮುಂದಿಟ್ಟು ಒಂದೇ ಮಾತು ಹೇಳಿದಳು. "ಶೆಂಕ್ವಿಟ್ಸೆಗೆ ಹೋಗಿ. ರೋಜಾಲಿಯಾ ಕಾಲು ಹಿಡೀರಿ."

ನನ್ನ ತಲೆಗೂ ಅದೇ ಬಂದಿತ್ತು, ನಾಚಿಕೆಯಿಂದ ಬಾಯಿ ಬಿಟ್ಟಿರಲಿಲ್ಲ.

ನಮ್ಮ ಕಡೆ ಮಕ್ಕಳನ್ನು ಅದಲುಬದಲು ಮಾಡಿಕೊಳ್ಳುವುದು ಹಿಂದಿನಿಂದ ಬಂದದ್ದು. ಜರ್ಮನ್ ಮನೆಯ ಹುಡುಗ ಒಂದು ವರ್ಷ ಸ್ಲೋವಾಕ್ ಮನೆಯಲ್ಲಿ, ಆ ಮನೆಯವನು ಇಲ್ಲಿ. ಮಾತು ಕಲಿಯಲಿ, ಲೋಕ ತಿಳಿಯಲಿ ಎಂದು. ಎಗೋನ್ ಹತ್ತು ವರ್ಷದವನಿದ್ದಾಗ ಶೆಂಕ್ವಿಟ್ಸೆಯ ದ್ರಾಕ್ಷಿ ತೋಟದ ರೋಜಾಲಿಯಾಳ ಮನೆಗೆ ಹೋದ, ಆಕೆಯ ಮಾತೂಶ್ ನಮ್ಮಲ್ಲಿಗೆ ಬಂದ. ಎರಡೂ ಕಡೆಯ ಗಾಡಿ ಒಂದೇ ಬೆಳಿಗ್ಗೆ ಹೊರಡಬೇಕು, ಅರ್ಧ ದಾರಿಯಲ್ಲಿ ಮಕ್ಕಳು ಗಾಡಿ ಬದಲಿಸಬೇಕು. ಒಂದು ರಾತ್ರಿಯೂ ಯಾವ ಮನೆಯೂ ಮಗುವಿಲ್ಲದೆ ಮಲಗಕೂಡದು, ಅದು ಕಟ್ಟಳೆ. ಆ ಒಂದು ವರ್ಷ ಮುಗಿದ ಮೇಲೂ ಹುಡುಗರಿಬ್ಬರೂ ಎರಡು ಮನೆಗೂ ಮಕ್ಕಳಂತೆಯೇ ಓಡಾಡಿದರು. ನಾವು ದೊಡ್ಡವರು ತಮಾಷೆಗೆ ಒಬ್ಬರನ್ನೊಬ್ಬರು ಬೀಗರೇ ಎನ್ನುತ್ತಿದ್ದೆವು.

ಯುದ್ಧದಲ್ಲಿ ಮಾತೂಶ್ ನಮ್ಮ ಸೈನ್ಯ ಬಿಟ್ಟು ರಷ್ಯನ್ನರ ಕಡೆ ದಾಟಿ, ಈಗ ಊರನ್ನಾಳುತ್ತಿರುವವರ ದಂಡಿಗೆ ಸೇರಿಕೊಂಡ. ಆ ವರ್ಷ ರೋಜಾಲಿಯಾ ಮೊಟ್ಟೆಯ ಬುಟ್ಟಿ ಹೊತ್ತು ಎಗೋನನ ಸುದ್ದಿ ವಿಚಾರಿಸಲು ಬಂದಳು. ನಾನು ಮೆಟ್ಟಿಲ ಮೇಲೆ ನಿಂತು, ಅಕ್ಕಪಕ್ಕದವರಿಗೆ ಕೇಳುವಂತೆ, "ದ್ರೋಹಿಯ ತಾಯಿಗೆ ಈ ಮನೇಲಿ ಕೆಲಸ ಇಲ್ಲ" ಎಂದು ಬಾಗಿಲು ಹಾಕಿದ್ದೆ. ಬುಟ್ಟಿ ಸಂಜೆಯವರೆಗೂ ಹೊಸ್ತಿಲ ಮೇಲೇ ಇತ್ತು.

ಮಾತೂಶ್ ಈಗಲೂ ಸೈಬೀರಿಯಾದಲ್ಲಿದ್ದಾನೆ, ಸೆರೆಯಾಳಾಗಿ ಅಲ್ಲ, ಸಾರ್ಜೆಂಟ್ ಆಗಿ. ಮಾಡಿದ್ದುಣ್ಣೋ ಮಹರಾಯ.

ಸೆಪ್ಟೆಂಬರ್ 28

ಶೆಂಕ್ವಿಟ್ಸೆಗೆ ಹೋಗಿ ಬಂದೆ. ದ್ರಾಕ್ಷಿ ಕೊಯ್ಲು ನಡೆದಿತ್ತು. ರೋಜಾಲಿಯಾ ಬೆನ್ನ ಬುಟ್ಟಿ ಇಳಿಸದೆ ನನ್ನನ್ನು ಕಾಲಿಂದ ತಲೆಯವರೆಗೆ ನೋಡಿದಳು.

"ಅಯ್ಯೋ, ಬೀಗರು! ದಾರಿ ತಪ್ಪಿ ಬಂದ್ರಾ? ಇದು ದ್ರೋಹಿ ಮನೆ ಕಣ್ರೀ."

ತಲೆ ತಗ್ಗಿಸಿ ನಿಂತೆ. ಎಗೋನನ ಕಾರ್ಡು ತೆಗೆದು ಮುಂದೆ ಹಿಡಿದೆ.

"ನಂಗೆಲ್ಲಿ ಓದು ಬರ್ತದೆ? ನೀವೇ ಓದಿ."

ಓದಿದೆ. ನನಗೆ ಬರುವ ಹರಕು ಮುರುಕು ಸ್ಲೋವಾಕಿನಲ್ಲಿ. ಅಪ್ಪನ ಮಾತು ಮೀರಿಲ್ಲ ಎನ್ನುವಲ್ಲಿಗೆ ಬಂದಾಗ ದನಿ ಒಡೆದುಹೋಯಿತು. ಆಕೆ ಬುಟ್ಟಿ ಇಳಿಸಿದಳು.

"ಥೂ, ನಿಮ್ಮ ಜಂಬಕ್ಕಿಷ್ಟು! ನಾನು ಸಾಕಿದ ಮಗ ಅವನು. ನನ್ನ ಒಲೆ ಮುಂದೆ ಒಂದು ವರ್ಷ ಉಂಡವ್ನು. ಊರಿನ ಹೆಸರಿಗೋಸ್ಕರ ಅವನನ್ನ ಚಳೀಲಿ ಕೂರಿಸಿದ್ರಾ?" ಎಂದು ನನ್ನ ತೋಳು ಹಿಡಿದು ಒಳಗೆ ಎಳೆದುಕೊಂಡು ಹೋದಳು. ಕಾಗದ, ಲೇಖನಿ ಬಂತು. "ಬರೀರಿ. ನಾನು ಹೇಳ್ತೀನಿ, ನೀವು ಬರೀರಿ, ನನ್ನ ಮಾತೂಶನಿಗೆ."

ಅಂಚೆಯವನು ನಾನು, ಕೈ ಮೊದಲು ಹೋಗುವುದು ಮೇಲಿನ ಮೂಲೆಗೆ, ಊರು ತಾರೀಖು ಬರೆಯಲು. ಅಲ್ಲೇ ನಿಂತಿತು.

"ಯಾಕೆ?"

"ಊರಿನ ಹೆಸರು ಯಾವುದು ಬರೀಲಿ? ನಿಮ್ಮ ಹೊಸದೇನಾ?"

"ನಮ್ಮದು ಅಂತ ಯಾರು ಹೇಳಿದ್ರು? ಆ ಬ್ರಾತಿ... ಅದೆಂಥದೋ, ನನ್ನ ನಾಲಿಗೆಗೇ ಹೊರಳಲ್ಲ. ನಮ್ಮವ್ವ ಪ್ರೆಶ್ಪೊರೋಕಿಗೆ ಹಾಲು ಹೊತ್ತಳು, ನಾನೂ ಪ್ರೆಶ್ಪೊರೋಕಿಗೇ ಹೊತ್ತೆ. ನಂಗೆ ಸಾಯೋವರೆಗೂ ಅದೇ." ಆಕೆ ಮೇಜಿನ ಮೇಲೆ ಕೈಯೂರಿದಳು. "ನಿಮ್ಮ ಹುಡುಗನ್ನ ಅಲ್ಲಿಂದ ಬಿಡಿಸ್ಕೊಂಡು ಬರೋಕೆ ಯಾವ ಹೆಸರು ಬೇಕೋ ಅದನ್ನ ಬರೀರಿ ಬೀಗರೇ. ಅದಕ್ಕೆ ನನ್ನ ಕೇಳ್ಬೇಕಾ?"

ಬರೆದೆ. ಆಕೆ ಹೇಳುತ್ತ ಹೋದಳು, ಎಗೋನ್ ಯಾವ ಶಿಬಿರದಲ್ಲಿದ್ದಾನೆ, ಹೋಗಿ ಹುಡುಕು, ಬಿಟ್ಟು ಬರಬೇಡ, ಒಳಗೆ ಉಣ್ಣೆಯ ಅಂಗಿ ಹಾಕಿಕೋ. ಮುಗಿಸಿ ಮಡಚುವಾಗ ಕೈ ಹಿಡಿದಳು.

"ಇನ್ನೊಂದು ಹಾಳೆ ತಗೊಳ್ಳಿ. ನನ್ನ ಮಗ ಹೇಳಿದ್ರೆ ನಿಮ್ಮ ಮಗ ಕೇಳ್ತಾನಾ? ಅಪ್ಪನ ಹಟ ಅವನಿಗೂ ಬಂದಿರ್ತದೆ. ನಿಮ್ಮ ಕೈಯಾರೆ ಕೂರಿಸಿದ್ರಿ, ನಿಮ್ಮ ಕೈಯಾರೆನೇ ಎಬ್ಬಿಸಿ."

ಎರಡನೆಯ ಹಾಳೆಯಲ್ಲಿ ಹೀಗೆ ಬರೆದೆ. "ಎಗೋನ್, ನಾನು ತಪ್ಪು ಬರೆದೆ. ಬ್ರಾತಿಸ್ಲಾವಾ ಎಂದರೂ ಏಳು, ಪೊಜೋನ್ ಎಂದರೂ ಏಳು, ಏನು ಕೂಗಿದರೂ ಏಳು. ಎಲ್ಲವೂ ನಿನ್ನ ಮನೆಯೇ. ಅಪ್ಪ." ಕಾಗದದ ಮೇಲೆ ಎರಡು ಹನಿ ಬಿದ್ದವು. ಬದಲಿಸೋಣವೆಂದರೆ ರೋಜಾಲಿಯಾ ಬಿಡಲಿಲ್ಲ, ಹಾಗೇ ಇರಲಿ ಎಂದಳು.

ಹೊರಡುವಾಗ ಮೊಟ್ಟೆ ಕಟ್ಟಿಕೊಟ್ಟಳು. ಕ್ಷಮೆ ಕೇಳಬೇಕೆಂದಿದ್ದೆ, ಗಾಡಿಗೆ ಹೊತ್ತಾಯಿತು.

ಪ್ರೆಶ್ಪೊರೋಕ್, ಡಿಸೆಂಬರ್ 24

ಸುದ್ದಿ ಇಲ್ಲ. ಪೌಲಿನಾ ಕ್ರಿಸ್ಮಸ್ಸಿಗೆ ಗಸಗಸೆ ತುಂಬಿದ ಸಿಹಿ ರೊಟ್ಟಿ ಮಾಡಿದಳು, ಇಬ್ಬರಿಗೂ ಇಳಿಯಲಿಲ್ಲ. ರೋಜಾಲಿಯಾಳಿಗೆ ಅರ್ಧ ಕಳಿಸಿದೆವು.

ಪ್ರೆಶ್ಪೊರೋಕ್, 1920 ಫೆಬ್ರುವರಿ 2

ಇಲ್ಲ.

ಪ್ರೆಶ್ಪೊರೋಕ್, ಏಪ್ರಿಲ್ 17

ಮಾತೂಶನ ಕಾಗದ! ಜನವರಿ ಹತ್ತನೆಯ ತಾರೀಖಿನದು. ಕುರುಡು ಕಾಗದಗಳ ನಡುವೆಯೇ ಬಂದು ಬಿದ್ದಿತ್ತು. ಹುಡುಗ ವಿಳಾಸದಲ್ಲಿ ಬೀದಿ ಬರೆಯದೆ, "ಹೋಗುವ ಬರುವ ಕಾಗದಗಳನ್ನೆಲ್ಲ ಓದುವ ಲೈಟ್ನರ್ ಅಪ್ಪನಿಗೆ" ಎಂದು ಬರೆದಿದ್ದಾನೆ. ಅಪ್ಪನಿಗೆ ಎಂದಿದ್ದಾನೆ.

"ಎಗೋನ್ ಸಿಕ್ಕಿದ. ಮೊದಲು ನನ್ನ ಸಮವಸ್ತ್ರ ನೋಡಿ ಮುಖ ತಿರುಗಿಸಿದ. ನಿಮ್ಮ ಹಾಳೆ ಕೊಟ್ಟೆ. ಮೂರು ಸಲ ಓದಿದ. ಮಾರನೆಯ ದಿನ ಹಾಜರಿಯಲ್ಲಿ ಊರಿನ ಹೆಸರು ನಾನೇ ಕೂಗಿದೆ. ಎದ್ದುನಿಂತ. ಈಗ ಟೈಫಸ್ ಜ್ವರ ಬಂದು ಮಲಗಿದ್ದಾನೆ, ಹೇನು ಹರಡುವ ಜ್ವರ. ಆಸ್ಪತ್ರೆಯಲ್ಲಿ ಜಾಗವಿಲ್ಲ, ನಾವಿರುವ ರೈಲು ಡಬ್ಬಿಯಲ್ಲೇ ಇಟ್ಟುಕೊಂಡಿದ್ದೇನೆ. ಚಿಂತೆ ಬೇಡ. ನಿಮ್ಮ ಮನೆಯಲ್ಲಿ ನನಗೆ ಸಿಡುಬು ಬಂದಾಗ ಪೌಲಿನಾ ಅಮ್ಮ ಹದಿನೈದು ದಿನ ಕೂತಿರಲಿಲ್ಲವೆ?"

ಕಚೇರಿಯಲ್ಲೇ ಗೊಳೋ ಎಂದು ಅತ್ತೆ. ಬಾಗಿಲ ಸಿಪಾಯಿ ನೀರು ತಂದುಕೊಟ್ಟ. ಒಳ್ಳೆಯ ಹುಡುಗ ಅವನು, ಕೊಲೀನ್ ಊರಿನವನಂತೆ, ತಾಯಿಗೆ ಒಬ್ಬನೇ.

ಬ್ರಾತಿಸ್ಲಾವಾ, ಜುಲೈ 6

ಸೈಬೀರಿಯಾದವರನ್ನು ಹೊತ್ತ ಹಡಗುಗಳು ಒಂದೊಂದೇ ತ್ರಿಯೆಸ್ತೆಗೆ ಬರುತ್ತಿವೆ. ಅಲ್ಲಿಂದ ರೈಲು. ಕಚೇರಿ ಮುಗಿಸಿ ದಿನವೂ ನಿಲ್ದಾಣಕ್ಕೆ ಹೋಗುತ್ತಿದ್ದೇನೆ.

ಇವತ್ತು ಒಂದು ಡಬ್ಬಿಯ ಕಿಟಕಿಯಲ್ಲಿ ಗಡ್ಡದವನೊಬ್ಬ ತಲೆ ಹಾಕಿ ಹಂಗೇರಿಯನ್ ಮಾತಿನಲ್ಲಿ ಕೇಳಿದ, "ಪೊಜೋನ್ ಬರೋಕೆ ಇನ್ನೂ ಎಷ್ಟು ಹೊತ್ತು ಯಜಮಾನ್ರೇ?"

"ಇದೇ ಕಣಪ್ಪಾ ಪೊಜೋನ್, ಇಳಿ!"

"ಬೋರ್ಡಿನಲ್ಲಿ ಬೇರೇನೋ ಇದೆಯಲ್ಲ?"

"ಬೋರ್ಡು ನಂಬಬೇಡ, ನನ್ನ ನಂಬು. ಗಾಡಿ ಹೊರಡ್ತದೆ, ಇಳಿಯೋ ಮಾರಾಯ!"

ಐದು ವರ್ಷದ ಮೇಲೆ ಬಂದವರು ತಮ್ಮ ಊರಿನ ಮುಂದೆಯೇ ಕೂತು, ಊರು ಬರಲಿ ಎಂದು ಕಾಯುತ್ತಿದ್ದಾರೆ. ಹಾಗಾಗಿ ಗಾಡಿ ಬಂದಾಗಲೆಲ್ಲ ಡಬ್ಬಿಯಿಂದ ಡಬ್ಬಿಗೆ ಹೋಗಿ ಎಲ್ಲ ಹೆಸರನ್ನೂ ಕೂಗುತ್ತೇನೆ: ಬ್ರಾತಿಸ್ಲಾವಾ, ಪ್ರೆಶ್ಪೊರೋಕ್, ಪೊಜೋನ್, ಪ್ರೆಸ್‌ಬುರ್ಗ್. ಹಣ್ಣು ಮಾರುವ ಹೆಂಗಸರು ನಗುತ್ತಾರೆ. ಇವತ್ತು ಏಳು ಜನ ಇಳಿದರು. ಗಂಟಲು ಬಿದ್ದುಹೋಗಿದೆ.

ಬ್ರಾತಿಸ್ಲಾವಾ, ಆಗಸ್ಟ್ 9

ಎಗೋನ್ ಬಂದ.

ನಾನು ಗುರುತು ಹಿಡಿಯಲಿಲ್ಲ, ಅವನೇ ಹಿಡಿದ. ತಲೆಗೂದಲು ಅರ್ಧ ಬೆಳ್ಳಗಾಗಿದೆ. ಅಪ್ಪಿಕೊಂಡೆ, ಬರಿಯ ಮೂಳೆ. ಅವನ ಹಿಂದೆ ಮಾತೂಶ್ ಇಳಿಯಲಿ ಎಂದು ಬಾಗಿಲು ನೋಡುತ್ತಲೇ ಇದ್ದೆ. ಎಗೋನ್ ಹೇಳಿದ, "ಅಪ್ಪಾ, ನೋಡಬೇಡಿ. ಅವನಿಲ್ಲ."

ಇವನ ಜ್ವರ ಇಳಿದ ವಾರಕ್ಕೆ ಅವನಿಗೆ ಏರಿತಂತೆ. ಹಡಗಿಗೆ ಕಾಯುತ್ತಾ, ವ್ಲಾದಿವೋಸ್ತೋಕಿನಲ್ಲಿ, ಮಾರ್ಚಿನಲ್ಲಿ. ಗುಂಡಿ ತೋಡಿದವರಲ್ಲಿ ಎಗೋನನೂ ಒಬ್ಬ. ಎಂದರೆ ಏಪ್ರಿಲ್ಲಿನಲ್ಲಿ ನಾನು ಕಾಗದ ಹಿಡಿದು ಸಂತೋಷಕ್ಕೆ ಅತ್ತಾಗ ಆ ಹುಡುಗ ಆಗಲೇ ಮಣ್ಣಲ್ಲಿದ್ದ. ರೋಜಾಲಿಯಾಳಿಗೆ ಸರ್ಕಾರದ ಕಾಗದ ಇನ್ನೂ ಬಂದಿಲ್ಲ. ಬಂದಿದ್ದರೆ ನನ್ನ ಕಣ್ಣಿಗೆ ಬೀಳುತ್ತಿತ್ತು.

ಪೌಲಿನಾ ಮಗನ ಮುಖವನ್ನು ಎರಡು ಕೈಯಲ್ಲಿ ಹಿಡಿದು ಬಿಡಲೇ ಇಲ್ಲ. ಆಮೇಲೆ ಮಾತೂಶನ ವಿಷಯ ಕೇಳಿ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು.

ಶೆಂಕ್ವಿಟ್ಸೆ ನಿಲ್ದಾಣ, ಆಗಸ್ಟ್ 10

ಗಾಡಿಗೆ ಇನ್ನೂ ಮುಕ್ಕಾಲು ಗಂಟೆ ಇದೆ. ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

ರೋಜಾಲಿಯಾ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ನಮ್ಮಿಬ್ಬರನ್ನು ಕಂಡು ಕೂಗಿಕೊಂಡು ಓಡಿಬಂದಳು, ಎಗೋನನನ್ನು ತಬ್ಬಿಕೊಂಡಳು. ಅವನ ಹೆಗಲ ಮೇಲಿಂದ ಬೀದಿಯ ತಿರುವು ನೋಡಿದಳು. ಇನ್ನೊಮ್ಮೆ ನೋಡಿದಳು. ಆಮೇಲೆ ತೋಳು ಸಡಿಲಿಸಿದಳು.

"ಎಲ್ಲಿ ಬಿಟ್ಟೆ ಅವನ್ನ?"

ಎಗೋನ್ ಮಂಡಿಯೂರಿ, ಆ ಹಳ್ಳಿಯ ಮಾತಿನಲ್ಲೇ ಹೇಳಿದ. ಎಲ್ಲವೂ ನನಗೆ ತಿಳಿಯಲಿಲ್ಲ. ಆಕೆ ಅಳಲಿಲ್ಲ, ಅವನ ತಲೆ ಸವರುತ್ತ ನಿಂತಿದ್ದಳು. "ಊಟ ಮಾಡಿದ್ಯಾ ಮಗಾ?" ಎಂದಳು ಕೊನೆಗೆ.

ನಾನು ಹೇಳಿದೆ, "ರೋಜಾಲಿಯಾ, ಅವತ್ತು ಮೆಟ್ಟಿಲ ಮೇಲೆ ನಾನು..."

"ಬೇಡ ಬೀಗರೇ. ಅದನ್ನ ಈಗ ಹೇಳ್ಬೇಡಿ, ನನ್ನ ಕೈಲಿ ಆಗಲ್ಲ."

ಊಟಕ್ಕೆ ಮೂರು ತಟ್ಟೆ ಇಟ್ಟಳು. ನಾಲ್ಕನೆಯದನ್ನು ಕಪಾಟಿನಿಂದ ತೆಗೆದವಳು ಕೈಯಲ್ಲಿ ಹಿಡಿದುಕೊಂಡೇ ನಿಂತಳು. ಎಗೋನ್ ಎದ್ದು ಹೋಗಿ ಅದನ್ನು ಮೆಲ್ಲಗೆ ಇಸಿದುಕೊಂಡ. ನನ್ನ ಕಡೆ ತಿರುಗಿ ನಮ್ಮ ಮಾತಿನಲ್ಲಿ ಹೇಳಿದ.

"ಅಪ್ಪಾ, ನೀವು ಹೋಗಿ. ನಾನು ಇಲ್ಲಿರ್ತೀನಿ. ಒಂದು ವರ್ಷ."

ಒಂದೇ ಒಂದು ದಿನ ನಮ್ಮ ಮನೆಯಲ್ಲಿದ್ದ ನನ್ನ ಮಗ. ಪೌಲಿನಾ ಅವನಿಗೆಂದು ಕರುವಿನ ಮಾಂಸ ಬೇಯಿಸುತ್ತಿದ್ದಾಳೆ. ಬೇಡ, ಮನೆಗೆ ನಡಿ ಎನ್ನಬಹುದಿತ್ತು. ಅಪ್ಪನ ಮಾತು ಮೀರುವವನಲ್ಲ ಅವನು, ಅದಕ್ಕೇ ಬಾಯಿ ಬಿಡಲಿಲ್ಲ. ಸರಿ ಮಗಾ, ಇರು ಎಂದೆ. ಕೊಯ್ಲಿಗೆ ಆಳು ಸಾಲದು ಎಂದು ರೋಜಾಲಿಯಾ ಯಾರಿಗೋ ಹೇಳುವಂತೆ ಹೇಳಿದಳು.

ಇಲ್ಲಿಗೆ ಬಂದು ಬ್ರಾತಿಸ್ಲಾವಾಕ್ಕೆ ಒಂದು ಟಿಕೆಟ್ ತೆಗೆದುಕೊಂಡೆ. ಪೌಲಿನಾಳಿಗೆ ಹೇಗೆ ಹೇಳುವುದೋ ತಿಳಿಯುತ್ತಿಲ್ಲ. ಪಕ್ಕದಲ್ಲಿ ಕೋಳಿ ಬುಟ್ಟಿ ಇಟ್ಟುಕೊಂಡು ಕೂತಿರುವ ಹೆಂಗಸು, ಮಕ್ಕಳೆಷ್ಟು ಎಂದು ಕೇಳಿದಳು.

"ಇಬ್ಬರು" ಎಂದೆ. "ಇಬ್ಬರು ಗಂಡುಮಕ್ಕಳು."

"ಎಲ್ಲಿದ್ದಾರೆ?"

"ಒಬ್ಬ ಇದೇ ಊರಲ್ಲಿ, ತಾಯಿ ಹತ್ತಿರ."

ಇನ್ನೊಬ್ಬನ ಊರು ಹೇಳುವ ಬದಲು ಈ ಪುಸ್ತಕ ತೆರೆದು ಬರೆಯತೊಡಗಿದೆ.